ನೋವು ಎಷ್ಟೆಂಬುದಲ್ಲ, ಯಾರದೆಂಬುದು ಮುಖ್ಯ

ನಮ್ಮಲ್ಲಿ ಹೊಟ್ಟೆನೋವಿಗೆ ಇರುವ ಸರ್ವಸಮ್ಮತ ಹೆಸರು ‘ಗ್ಯಾಸ್ಟ್ರಿಕ್’. ಓಮದ ಕಷಾಯ, ಇಂಗು ಬೆರೆಸಿದ ಮಜ್ಜಿಗೆ, ಔಷಧಿ ಅಂಗಡಿಯ ಒಂದು ಮಾತ್ರೆ ಇಷ್ಟರಲ್ಲೇ ಬಹುಪಾಲು ನೋವು ಶಮನವಾಗುವುದೂ ನಿಜ. ನನ್ನ ಆತಂಕವಿರುವುದು ಹಾಗೆ ಶಮನವಾಗದೆ, ಅದೇ ಹೆಸರಿನ ಮರೆಯಲ್ಲಿ ಮನೆಯೊಳಗೇ ಉಳಿದುಬಿಡುವ ನೋವಿನ ಬಗ್ಗೆ.

ಹಠಾತ್ ಉದರಬೇನೆಯ ನಿದಾನವನ್ನು ಕುರಿತು ಬ್ರಿಟಿಷ್ ಶಸ್ತ್ರವೈದ್ಯ ಜಕಾರಿ ಕೋಪ್ 1921ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರಸಿದ್ಧ ಸೂತ್ರವೊಂದಿದೆ. ಅಲ್ಲಿಯವರೆಗೆ ಆರೋಗ್ಯವಾಗಿದ್ದವರಲ್ಲಿ ತೀವ್ರ ನೋವು 6 ಗಂಟೆ ಮುಂದುವರಿದರೆ, ಅದಕ್ಕೆ ಶಸ್ತ್ರವೈದ್ಯರು ಗಮನಿಸಬೇಕಾದ ಕಾರಣವಿರುವ ಸಂಭವವೇ ಹೆಚ್ಚು ಎಂಬುದು ಅದರ ಸಾರ. ಇಲ್ಲಿ ‘ಆರೋಗ್ಯವಾಗಿದ್ದವರಲ್ಲಿ’ ಎಂಬ ಮಾತನ್ನು ಗಮನಿಸಬೇಕು. ಹಾಗಿಲ್ಲದವರಿಗೆ ಈ 6 ಗಂಟೆಯೂ ದುಬಾರಿಯಾದೀತು.

ವೃದ್ಧರಲ್ಲಿ ಅಪೆಂಡಿಕ್ಸ್ ಒಡೆದಾಗಲೂ ಜ್ವರ ಬಾರದಿರಬಹುದು, ನೋವು ಸೌಮ್ಯವಾಗಿಯೇ ಇರಬಹುದು. ಸಕ್ಕರೆ ಕಾಯಿಲೆ ನರಗಳ ಸಂವೇದನೆಯನ್ನು ಕುಂದಿಸುತ್ತದೆ. ಅಂಥವರಲ್ಲಿ ಮೇಲುಹೊಟ್ಟೆಯ ಸಂಕಟವೇ ಹೃದಯಾಘಾತದ ಸೂಚನೆಯಾಗಿರಬಹುದು. ಮಂಡಿನೋವಿಗೆಂದು ನಿತ್ಯ ನುಂಗುವ ನೋವುನಿವಾರಕಗಳು ಜಠರದಲ್ಲಿ ಸದ್ದಿಲ್ಲದೆ ಹುಣ್ಣು ಮಾಡುತ್ತವೆ. ಕೆಲವೊಮ್ಮೆ ಕಪ್ಪು ಮಲವೇ ಅದರ ಮೊದಲ ಸುಳಿವು. ಆಸ್ತಮಾಕ್ಕೋ ಕೀಲುವಾತಕ್ಕೋ ಸ್ಟೀರಾಯ್ಡ್ ಮಾತ್ರೆ ಸೇವಿಸುವವರಲ್ಲಿ ಉದರದೊಳಗಿನ ಸೋಂಕಿನ ಲಕ್ಷಣಗಳೇ ಮುಚ್ಚಿಹೋಗುತ್ತವೆ. ಹೃದಯಬಡಿತ ಏರುಪೇರಾಗುವವರಲ್ಲಿ ಹೆಪ್ಪುಗಟ್ಟಿದ ರಕ್ತ ಕರುಳಿನ ರಕ್ತನಾಳವನ್ನು ಮುಚ್ಚಬಹುದು. ಆಗ ನೋವು ಅಸಹನೀಯ, ಮುಟ್ಟಿ ನೋಡಿದರೆ ಹೊಟ್ಟೆ ಮೃದು. ಹಿಂದೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದ್ದು, ಈಗ ವಾಂತಿಯಾಗುತ್ತ ಮಲವೂ ವಾಯುವೂ ನಿಂತುಹೋಗಿದ್ದರೆ ಕರುಳು ಕಟ್ಟಿಕೊಂಡಿರುವ ಶಂಕೆ ಬರಬೇಕು. ಮುಟ್ಟು ತಪ್ಪಿದ ಮಹಿಳೆಗೆ ಕೆಳಹೊಟ್ಟೆ ನೋಯುತ್ತಿದ್ದರೆ ಗರ್ಭಕೋಶದ ಹೊರಗೆ ಬೆಳೆದ ಗರ್ಭದ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ನಾಳ ಒಡೆದರೆ ಒಳಗೇ ರಕ್ತಸ್ರಾವವಾಗುತ್ತದೆ.

ಇವರಾರ ನೋವೂ ತನ್ನ ಗಾಂಭೀರ್ಯವನ್ನು ತಾನೇ ಸಾರಿ ಹೇಳದಿರಬಹುದು. ಮಕ್ಕಳಿಗೆ ತೊಂದರೆ ಕೊಡಬಾರದೆಂಬ ಹಿರಿಯರ ಸಂಕೋಚ, ಮುಟ್ಟಿನ ವಿಷಯ ಆಡಲಾಗದ ಹೆಣ್ಣುಮಕ್ಕಳ ಮೌನ ಇವೂ ಜೊತೆಗೂಡಿದರೆ ಅಮೂಲ್ಯವಾದ ವೇಳೆ ಕಳೆದುಹೋಗುತ್ತದೆ. ಕಾರಣ ತಿಳಿಯುವ ಮುನ್ನ ಹರಳೆಣ್ಣೆ ಕುಡಿಸುವುದಂತೂ ಅಪಾಯಕ್ಕೆ ಆಹ್ವಾನ.

ಆದ್ದರಿಂದ ನನ್ನದೊಂದು ಸಣ್ಣ ಸಲಹೆ. ಮನೆಯ ಪ್ರತಿಯೊಬ್ಬರ ಕಾಯಿಲೆ, ಹಿಂದಿನ ಶಸ್ತ್ರಚಿಕಿತ್ಸೆ, ಸೇವಿಸುತ್ತಿರುವ ಮಾತ್ರೆಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮೇಲೆ ಹೇಳಿದವರ ಪೈಕಿ ಯಾರಿಗಾದರೂ ಹೊಸದಾಗಿ ಹೊಟ್ಟೆನೋವು ಬಂದು ನಿಲ್ಲದಿದ್ದರೆ, ಆ ಚೀಟಿಯೊಡನೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಪರೀಕ್ಷಿಸಿದ ಬಳಿಕ ಅದು ಬರೀ ಗ್ಯಾಸ್ಟ್ರಿಕ್ ಎಂದೇ ತಿಳಿದರೆ ನಷ್ಟವೇನೂ ಇಲ್ಲ; ಪರೀಕ್ಷೆಗೆ ಮೊದಲೇ ಹಾಗೆಂದು ತೀರ್ಮಾನಿಸುವುದರಲ್ಲಿದೆ ಅಪಾಯ.