ಮಳೆ ಎಲ್ಲರಿಗೂ ಒಂದೇ, ಕುಸಿತ ಯಾರ ಪಾಲಿಗೆ?

ಆಷಾಢದ ಮಳೆ ಹಿಡಿದ ದಿನಗಳಲ್ಲಿ ಹುಂಚದ ಸುತ್ತಿನ ಯಾವ ಹಳ್ಳಿಗೆ ಹೋದರೂ ಕೇಳಿಬರುವ ಪ್ರಶ್ನೆ ಒಂದೇ: ‘ಎಲ್ಲಿ ಧರೆ ಕುಸಿಯಿತಂತೆ?’ ಸುದ್ದಿ ತಿಳಿದ ಹಿರಿಯರು ‘ಶಿವನಿಚ್ಛೆ’ ಎಂದು ನಿಟ್ಟುಸಿರುಬಿಡುತ್ತಾರೆ. ಮತ್ತೆ ಕೆಲವರು ‘ಅವರವರ ಕರ್ಮ’ ಎಂದು ಮಾತು ಮುಗಿಸುತ್ತಾರೆ. ಮೊದಲಿನ ಮಾತಿನಲ್ಲಿ ವಿನಯವಿದೆ ಎಂದು ನಾವು ಒಪ್ಪುತ್ತೇವೆ. ಎರಡನೆಯ ಮಾತನ್ನು ಒಪ್ಪಲಾರೆವು. ಬೆಟ್ಟ ಎಲ್ಲಿ ಜರಿಯುತ್ತದೆ, ಅದರ ಕೆಳಗೆ ಇರುವವರು ಯಾರು ಎಂಬುದನ್ನು ವಿಚಾರಿಸಿದರೆ ಅದರ ಕಾರಣ ತಾನಾಗಿ ತಿಳಿದೀತು.

ಮಳೆಯ ದಾರಿ

ಹುಂಚ ಬಹು ಪುರಾತನ ಊರು. ಸಾಂತರಸರ ರಾಜಧಾನಿಯಾಗಿದ್ದು, ಪದ್ಮಾವತಿ ಅಮ್ಮನವರ ಜೈನ ಕ್ಷೇತ್ರವಾಗಿ ಇಂದಿಗೂ ಪ್ರಸಿದ್ಧವಾಗಿದೆ. ಇಲ್ಲಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಕುಮುದ್ವತಿ ನದಿಯು ಶಿಕಾರಿಪುರದ ಬಯಲನ್ನು ಹಾಯ್ದು ತುಂಗಭದ್ರೆಯನ್ನು ಸೇರುತ್ತದೆ. ನೈರುತ್ಯಕ್ಕೆ ಹುಲಿಕಲ್ ಘಾಟಿ, ದಕ್ಷಿಣಕ್ಕೆ ತೀರ್ಥಹಳ್ಳಿಯನ್ನು ದಾಟಿದರೆ ಆಗುಂಬೆ.

ಅರಬ್ಬೀ ಸಮುದ್ರದ ತೇವವನ್ನು ಹೊತ್ತುಬರುವ ಮುಂಗಾರು ಗಾಳಿಗೆ ಸಹ್ಯಾದ್ರಿಯೇ ಅಡ್ಡಗೋಡೆ. ಗೋಡೆಗೆ ತಾಗಿದ ಗಾಳಿ ಮೇಲೇರುತ್ತದೆ, ಏರಿದಂತೆ ತಣ್ಣಗಾಗುತ್ತದೆ, ತಣಿದ ಗಾಳಿ ತನ್ನ ತೇವವನ್ನು ಹಿಡಿದಿಟ್ಟುಕೊಳ್ಳಲಾರದೆ ಸುರಿಸಿಬಿಡುತ್ತದೆ. ಆದಕಾರಣ ಘಟ್ಟದ ಅಂಚಿನ ಆಗುಂಬೆ ಮತ್ತು ಹುಲಿಕಲ್ಲಿನಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆ. ಪೂರ್ವಕ್ಕೆ ಸರಿದಂತೆ ಗಾಳಿ ಬರಿದಾಗುತ್ತ ಬರುತ್ತದೆ. ಹುಂಚಕ್ಕೆ ಅದಕ್ಕಿಂತ ಕಡಿಮೆ. ಶಿಕಾರಿಪುರದ ರೈತ ಕೆರೆ ತುಂಬುವುದೋ ಇಲ್ಲವೋ ಎಂದು ಆಕಾಶ ನೋಡುತ್ತಾನೆ. ಒಂದೇ ಜಿಲ್ಲೆಯಲ್ಲಿ ಒಂದೇ ದಿನ ಒಬ್ಬನಿಗೆ ನೆರೆಯ ಭಯ, ಇನ್ನೊಬ್ಬನಿಗೆ ಬರದ ಭಯ. ಇದು ಯಾರ ಪಾಪಪುಣ್ಯದ ಲೆಕ್ಕವೂ ಅಲ್ಲ, ಬೆಟ್ಟ ನಿಂತ ದಿಕ್ಕಿನ ಫಲ.

ಮಣ್ಣಿನ ಗುಣ

ಮಳೆ ಹೆಚ್ಚಾದಲ್ಲೆಲ್ಲ ಬೆಟ್ಟ ಜರಿಯುವುದಿಲ್ಲ. ಮಲೆನಾಡಿನ ಬಹುಪಾಲು ಗುಡ್ಡಗಳ ಮೇಲ್ಪದರದಲ್ಲಿ ಜಂಬಿಟ್ಟಿಗೆ ಇದೆ. ಅದು ಗಟ್ಟಿ, ಆದರೆ ರಂಧ್ರಮಯ. ಅದರ ಅಡಿಯಲ್ಲಿ ಅನೇಕ ಕಡೆ ಬಿಳಿಯ ಇಲ್ಲವೆ ಹಳದಿ ಬಣ್ಣದ ಶೇಡಿ ಮಣ್ಣಿದೆ. ಮೇಲಿನಿಂದ ಇಳಿದ ನೀರು ಅಲ್ಲಿ ತಡೆದು ನಿಲ್ಲುತ್ತದೆ. ಒಣಗಿದಾಗ ಕಲ್ಲಿನಂತಿರುವ ಈ ಮಣ್ಣು ನೀರು ಕುಡಿದಾಗ ಬೆಣ್ಣೆಯಾಗುತ್ತದೆ. ವಾರಗಟ್ಟಲೆ ಮಳೆ ಹಿಡಿದು ಒಳಗೆ ನೀರಿನ ಒತ್ತಡ ಹೆಚ್ಚಿದಾಗ, ಮೇಲಿನ ಭಾರವನ್ನು ಹೊರಲಾರದೆ ಇಳಿಜಾರು ಜರಿಯುತ್ತದೆ.

ಇಂಥ ಗುಡ್ಡವನ್ನು ಸಹಸ್ರಾರು ವರ್ಷಗಳಿಂದ ಎತ್ತಿ ಹಿಡಿದದ್ದು ಮೂರು. ಮರದ ಬೇರು, ನೀರು ಹರಿದುಹೋಗುವ ಸಹಜವಾದ ಹಳ್ಳ, ಮತ್ತು ಗುಡ್ಡದ ಬುಡ. ಕಾನುಗಳನ್ನೂ ಸೊಪ್ಪಿನಬೆಟ್ಟಗಳನ್ನೂ ಕಾಯ್ದುಕೊಂಡು ಬಂದ ನಮ್ಮ ಹಿರಿಯರು ಈ ಮೂರನ್ನೂ ಬಹುಮಟ್ಟಿಗೆ ಮುಟ್ಟಲಿಲ್ಲ. ನಾವು ಈಗ ಮೂರನ್ನೂ ಮುಟ್ಟಿದ್ದೇವೆ. ಬೆಟ್ಟ ಬೋಳಾಯಿತು, ತೋಟದ ವಿಸ್ತರಣೆಗಾಗಿ ಹಳ್ಳದ ಪಾತ್ರ ತುಂಬಿತು, ರಸ್ತೆಗೂ ಮನೆಗೂ ಜೆಸಿಬಿಯಿಂದ ಗುಡ್ಡದ ಬುಡವನ್ನು ನೆಟ್ಟಗೆ ಗೋಡೆಯಂತೆ ಕಡಿದದ್ದಾಯಿತು. ಬುಡ ಕಡಿದ ಮೇಲೆ ಗುಡ್ಡವು ಯಾವುದರ ಮೇಲೆ ನಿಲ್ಲಬೇಕು?

2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜರಿದವು. ಮರುವರ್ಷದ ಆಗಸ್ಟಿನಲ್ಲಿ ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಹೆಗಲತ್ತಿಯಲ್ಲಿ ಗುಡ್ಡ ಜಾರಿ ಗದ್ದೆ ತೋಟಗಳ ಮೇಲೆ ಬಂದು ಕುಳಿತಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿಯಿತು. ಎರಡೇ ವಾರಗಳ ತರುವಾಯ, ಜುಲೈ 30ರ ನಸುಕಿನಲ್ಲಿ, ಕೇರಳದ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಊರುಗಳು ಕೊಚ್ಚಿಹೋದವು.

ಕೆಳಗೆ ಇದ್ದವರು ಯಾರು?

ಶಿರೂರಿನಲ್ಲಿ ಮಣ್ಣಿನಡಿ ಸಿಕ್ಕವರು ರಸ್ತೆ ಬದಿಯಲ್ಲಿ ಚಹದ ಅಂಗಡಿ ನಡೆಸುತ್ತಿದ್ದ ಒಂದು ಸಂಸಾರ, ಮತ್ತು ಅಲ್ಲಿ ಲಾರಿ ನಿಲ್ಲಿಸಿದ್ದ ಚಾಲಕರು. ಗಂಗಾವಳಿ ನದಿಗೆ ಬಿದ್ದ ಮಣ್ಣಿನಿಂದ ಎದ್ದ ಅಲೆ ಆಚೆ ದಡದ ಉಳುವರೆಯ ಬಡವರ ಮನೆಗಳನ್ನು ಬಡಿಯಿತು. ವಯನಾಡಿನಲ್ಲಿ ಸತ್ತವರಲ್ಲಿ ಚಹತೋಟದ ಸಾಲುಮನೆಗಳ ಕೂಲಿಕಾರರು ಅನೇಕರು. ಅವರಾರೂ ಬೆಟ್ಟವನ್ನು ಕಡಿದವರಲ್ಲ. ಬೇರೆಡೆ ಇರಲು ಜಾಗವಿಲ್ಲದೆ ಅಲ್ಲಿದ್ದವರು.

ಜಾಗವಿಲ್ಲದಂತಾದುದಕ್ಕೂ ಚರಿತ್ರೆಯಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಸಾಗರ ಮತ್ತು ಹೊಸನಗರದ ಶರಾವತಿ ಕಣಿವೆಯ ಗದ್ದೆಬಯಲು ನೀರಿನಡಿಗೆ ಹೋಯಿತು. ಆಮೇಲೆ ಮಾಣಿ, ಚಕ್ರಾ, ಸಾವೇಹಕ್ಲು ಜಲಾಶಯಗಳು ಬಂದವು. ನಾಡಿಗೆ ಬೆಳಕು ಬಂದಿತು. ಬೆಳಕಿಗಾಗಿ ಸಮತಟ್ಟು ನೆಲವನ್ನು ಕಳೆದುಕೊಂಡವರು ಕಾಡಿನಂಚಿಗೂ ಇಳಿಜಾರಿಗೂ ಏರಬೇಕಾಯಿತು. ಅವರಲ್ಲಿ ಅನೇಕರ ಭೂಮಿಯ ಹಕ್ಕಿನ ಪ್ರಶ್ನೆ ಎರಡು ಮೂರು ತಲೆಮಾರು ಕಳೆದರೂ ಬಗೆಹರಿಯಲಿಲ್ಲ. ಧರೆ ಕುಸಿದಾಗ ಪರಿಹಾರ ಕೇಳಲು ಹೋದರೆ ಮೊದಲು ಕೇಳುವುದೇ ದಾಖಲೆ. ದಾಖಲೆಯಿಲ್ಲದವನಿಗೆ ಗುಡ್ಡವೂ ಕಚೇರಿಯೂ ಒಂದೇ ರೀತಿ ಬಾಗಿಲು ಮುಚ್ಚುತ್ತವೆ.

ಸಂಕಟಕ್ಕೆ ಈಡಾಗುವವರು ಸದಾ ಬಡವರೇ ಎಂದೂ ಹೇಳಲಾಗದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಅನಂತ ಚತುರ್ದಶಿಯ ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಅದು ಕರ್ನಾಟಕದ ಗಡಿಗೆ ಹತ್ತಿರದ ಸೀಮೆ, ನಮ್ಮ ಸಮಾಜದ ಮನೆಗಳು ಬಹಳವಿರುವ ಸೀಮೆ. ಕಂಪನದ ಪ್ರಮಾಣ 6.2ರಷ್ಟು, ಸತ್ತವರು ಸಾವಿರಾರು. ಅಲ್ಲಿ ಕೊಂದದ್ದು ಮಣ್ಣಿನಲ್ಲಿ ಕಲ್ಲು ಪೇರಿಸಿದ ದಪ್ಪ ಗೋಡೆ ಮತ್ತು ಅದರ ಮೇಲಿನ ಭಾರವಾದ ಮಣ್ಣಿನ ಮಾಳಿಗೆ. ಹುಲ್ಲು ಗುಡಿಸಲಿನಲ್ಲಿ ಮಲಗಿದ ಬಡವರು ಎಷ್ಟೋ ಮಂದಿ ಬದುಕಿಕೊಂಡರು. ನೆಲ ಎಲ್ಲರಿಗೂ ಒಂದೇ ತೆರನಾಗಿ ನಡುಗಿತು. ಯಾರ ತಲೆಯ ಮೇಲೆ ಏನಿತ್ತು ಎಂಬುದು ಅವರ ಅಳಿವು ಉಳಿವನ್ನು ನಿಶ್ಚಯಿಸಿತು.

ನಮ್ಮದೇ ಅಂಗಳದಲ್ಲಿ

ಇಷ್ಟನ್ನೆಲ್ಲ ಬರೆಯುವ ನಾವೂ ತಪ್ಪಿತಸ್ಥರೇ ಎಂಬುದನ್ನು ಮುಚ್ಚಿಡಬಾರದು. ನಮ್ಮ ಮನೆತನದ ಅಡಿಕೆ ತೋಟ ಹುಂಚದ ಆಸುಪಾಸಿನ ಒಂದು ಕಣಿವೆಯಲ್ಲಿದೆ. ಕೆಲವು ವರ್ಷಗಳ ಹಿಂದೆ ಅಡಿಕೆ ಒಣಗಿಸುವ ಅಂಗಳವನ್ನು ಅಗಲ ಮಾಡುವ ಸಲುವಾಗಿ ಮನೆಯ ಹಿಂದಿನ ಗುಡ್ಡವನ್ನು ಕಡಿಸಿದೆವು. ಬಯಲು ಜಾಗವೆಲ್ಲ ಅಂಗಳಕ್ಕೆ ಹೋಯಿತಾದ್ದರಿಂದ ಕೆಲಸಕ್ಕೆ ಬರುವ ಬಯಲುಸೀಮೆಯ ಸಂಸಾರಕ್ಕೆ ಆ ಧರೆಯ ಬುಡದಲ್ಲಿಯೇ ತಗಡಿನ ಶೆಡ್ಡು ಹಾಕಿಸಿಕೊಟ್ಟೆವು. ಆ ಹೆಣ್ಣುಮಗಳು ಒಮ್ಮೆ, ‘ಅಜ್ಜಾರ, ರಾತ್ರಿ ಮಣ್ಣು ಉದುರತೈತ್ರಿ’ ಎಂದಿದ್ದಳು. ಮಳೆಗಾಲದಲ್ಲಿ ಅದು ಸಹಜವೆಂದು ನಾವು ಅವಳಿಗೆ ಸಮಾಧಾನ ಹೇಳಿದೆವು.

ಮುಂದಿನ ಶ್ರಾವಣದಲ್ಲಿ ಅವರು ಪಂಚಮಿ ಹಬ್ಬಕ್ಕೆಂದು ಊರಿಗೆ ಹೋಗಿದ್ದ ರಾತ್ರಿ ಧರೆ ಬಿದ್ದಿತು. ಬೆಳಗ್ಗೆ ನೋಡಿದರೆ ಶೆಡ್ಡಿನ ಜಾಗದಲ್ಲಿ ಕೆಸರಿನ ದಿಬ್ಬ. ಅದರ ಅಂಚಿನಲ್ಲಿ ಮಗುವಿನ ತೊಟ್ಟಿಲಿನ ಹಗ್ಗ. ನಮ್ಮ ಮನೆಯ ಗೋಡೆಗೆ ಒಂದು ಬಿರುಕೂ ಬರಲಿಲ್ಲ. ಆ ಸಂಸಾರ ಉಳಿದದ್ದು ಹಬ್ಬದ ದೆಸೆಯಿಂದ, ನಮ್ಮ ವಿವೇಕದಿಂದ ಅಲ್ಲ. ಅಂದು ಅವರು ಅಲ್ಲಿಯೇ ಇದ್ದಿದ್ದರೆ ಊರವರು ‘ಅವರ ಕರ್ಮ’ ಎನ್ನುತ್ತಿದ್ದರು. ಬಹುಶಃ ನಾವೂ ಎನ್ನುತ್ತಿದ್ದೆವು.

ಹುಟ್ಟಿನಿಂದ ಮೇಲು ಕೀಳು ಎಂಬುದನ್ನು ಹನ್ನೆರಡನೆಯ ಶತಮಾನದ ಶರಣರು ತಿರಸ್ಕರಿಸಿದರು. ಅದೇ ಶರಣರ ಹೆಸರು ಹೇಳುವ ನಾವು, ಬಡವನು ಧರೆಯ ಬುಡದಲ್ಲಿ ಸತ್ತುದಕ್ಕೆ ಅವನ ಹಿಂದಿನ ಜನ್ಮವನ್ನು ಕಾರಣವಾಗಿ ತೋರಿಸಿದರೆ, ಅವರು ಹೊರಹಾಕಿದ್ದನ್ನೇ ಹಿಂಬಾಗಿಲಿನಿಂದ ಒಳಗೆ ಕರೆದಂತಾಗುತ್ತದೆ.

ಮಾಡಬಹುದಾದದ್ದು

ಗುಡ್ಡ ಕೂಗಿ ಹೇಳುವುದಿಲ್ಲವಾದರೂ ಸೂಚನೆ ಕೊಡುತ್ತದೆ. ಇಳಿಜಾರಿನ ಮೇಲೆ ಹೊಸ ಬಿರುಕು ಕಾಣುವುದು, ನೆಟ್ಟಗಿದ್ದ ಮರ ವಾಲುವುದು, ಬಾಗಿಲು ಕಿಟಕಿಗಳು ಏಕಾಏಕಿ ಬಿಗಿಯಾಗುವುದು, ತಿಳಿಯಾಗಿದ್ದ ಒರತೆ ಕೆಂಪಾಗುವುದು, ಮಳೆಯಲ್ಲಿಯೂ ಹಳ್ಳದ ನೀರು ಥಟ್ಟನೆ ಕಡಿಮೆಯಾಗುವುದು: ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಅಲ್ಲಿ ಮಲಗಬಾರದು. ಮನೆ ಕಟ್ಟುವವರು ಗುಡ್ಡವನ್ನು ನೆಟ್ಟಗೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಧರೆಯ ನೆತ್ತಿಯಲ್ಲಿ ಬಸಿಗಾಲುವೆ ತೋಡಿ ನೀರನ್ನು ಪಕ್ಕಕ್ಕೆ ಹೊರಳಿಸಬೇಕು. ಹಳ್ಳದ ಪಾತ್ರವನ್ನು ಬೇಸಿಗೆಯಲ್ಲಿ ಒಣಗಿದ್ದರೂ ಹಳ್ಳವೆಂದೇ ಎಣಿಸಬೇಕು.

ಇವೆಲ್ಲಕ್ಕೂ ಮೊದಲು ಪ್ರತಿಯೊಬ್ಬ ತೋಟದ ಯಜಮಾನನೂ ಈ ಬೇಸಿಗೆಯಲ್ಲಿಯೇ ತನ್ನ ಕೆಲಸದವರು ಮಲಗುವ ಜಾಗಕ್ಕೆ ಹೋಗಿ, ತಲೆಯೆತ್ತಿ, ಮೇಲೆ ಏನಿದೆ ಎಂದು ನೋಡಬೇಕು. ಸಮಾಜದ ಕಲ್ಯಾಣಮಂಟಪಗಳು ಮದುವೆಯಿಲ್ಲದ ಆಷಾಢದಲ್ಲಿ ಬೀಗ ಹಾಕಿಕೊಂಡಿರುತ್ತವೆ. ಅಪಾಯದ ರಾತ್ರಿಗಳಲ್ಲಿ ಅವುಗಳ ಬಾಗಿಲನ್ನು ಜಾತಿ ಕೇಳದೆ ತೆರೆದರೆ ಅದಕ್ಕಿಂತ ದೊಡ್ಡ ಪೂಜೆ ಬೇಡ. ಕುಸಿತವಾದ ಮೇಲೆ ಅಕ್ಕಿ ಬೇಳೆ ಕಂಬಳಿ ಹಂಚುವುದನ್ನು ನಾವು ದಾಸೋಹವೆನ್ನುತ್ತೇವೆ. ಕುಸಿಯುವ ಮೊದಲೇ ಸುರಕ್ಷಿತವಾದ ನಾಲ್ಕು ಗುಂಟೆ ನೆಲವನ್ನು ಬಿಟ್ಟುಕೊಡುವುದೂ ದಾಸೋಹವೇ.

ನಮ್ಮ ತೋಟದ ಆ ಸಂಸಾರ ಮರಳಿ ಬಂದಿತು. ಈಗ ಅವರ ಮನೆ ಅಂಗಳದ ನಡುಭಾಗದಲ್ಲಿದೆ. ಅಡಿಕೆ ಒಣಗಿಸಲು ಜಾಗ ತುಸು ಇಕ್ಕಟ್ಟಾಗಿದೆ, ನಿಜ. ಮಳೆ ಜೋರಾದ ರಾತ್ರಿಗಳಲ್ಲಿ ನಮಗೆ ನಿದ್ದೆ ಬರುತ್ತದೆ.