‘ದೇವರು ಇದ್ದಾನಾ ಸಿಸ್ಟರ್?’ – ಕಾಯಿಲೆಯ ಹೊತ್ತಿನಲ್ಲಿ ನಂಬಿಕೆ ಅಲುಗಾಡಿದಾಗ



ಹಗಲು ಹೊತ್ತಿನಲ್ಲಿ ನೀವು ನಮ್ಮನ್ನು ಕೇಳುವ ಪ್ರಶ್ನೆಗಳು ನಮಗೆ ರೂಢಿಯಾದವು. ಡ್ರಿಪ್ ಮುಗಿಯಲು ಎಷ್ಟು ಹೊತ್ತು ಬೇಕು, ರಕ್ತದ ರಿಪೋರ್ಟ್ ಬಂತೇ, ಗಂಜಿ ಕೊಡಬಹುದೇ, ಡಾಕ್ಟರು ಯಾವಾಗ ಬರುತ್ತಾರೆ. ರಾತ್ರಿ ಊಟ ಮುಗಿದು ವಾರ್ಡಿನ ದೊಡ್ಡ ದೀಪಗಳು ಆರಿದ ಮೇಲೆ ಬರುವ ಪ್ರಶ್ನೆಗಳೇ ಬೇರೆ. “ಯಾರಿಗೂ ಕೆಟ್ಟದ್ದು ಬಯಸಿದವಳಲ್ಲ, ನನಗೇ ಯಾಕೆ ಹೀಗೆ?” “ಇಷ್ಟು ವರ್ಷ ಪೂಜೆ ಮಾಡಿ ಏನು ಬಂತು?” “ಕುಡಿದು ಲಾರಿ ಓಡಿಸಿದವನು ಆರಾಮಾಗಿದ್ದಾನೆ, ನನ್ನ ಮಗ ಮಲಗಿದ್ದಾನೆ. ದೇವರು ಅನ್ನೋನು ಇದ್ದಾನಾ ಸಿಸ್ಟರ್?”

ಇದನ್ನು ಕೇಳುವವರು ಧ್ವನಿ ತಗ್ಗಿಸಿ ಕೇಳುತ್ತಾರೆ, ಏನೋ ತಪ್ಪು ಮಾಡುತ್ತಿರುವವರ ಹಾಗೆ. ಮಠದ ಆಸ್ಪತ್ರೆಯಲ್ಲಿ ಇಂಥ ಮಾತು ಆಡಬಾರದು ಎಂಬ ಅಂಜಿಕೆಯೂ ಇರುತ್ತದೆ. ಅದಕ್ಕಾಗಿ ಮೊದಲೇ ಹೇಳಿಬಿಡುತ್ತೇವೆ: ಇಲ್ಲಿ ಈ ಮಾತು ಆಡಬಹುದು. ಆಡಿದ್ದಕ್ಕೆ ನಿಮ್ಮ ಚಿಕಿತ್ಸೆಯಲ್ಲಿ, ನಮ್ಮ ಆರೈಕೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗುವುದಿಲ್ಲ. ನಮ್ಮ ವಾರ್ಡಿನಲ್ಲಿ ಲಿಂಗಧಾರಿಗಳಿರುತ್ತಾರೆ, ನಮಾಜು ಮಾಡುವವರಿರುತ್ತಾರೆ, ಕೊರಳಲ್ಲಿ ಶಿಲುಬೆ ಇರುವವರಿರುತ್ತಾರೆ, ಯಾವ ದೇವರನ್ನೂ ನಂಬದವರೂ ಇರುತ್ತಾರೆ. ಇನ್ಸುಲಿನ್ ಎಲ್ಲರಿಗೂ ಒಂದೇ ರೀತಿ ಕೆಲಸ ಮಾಡುತ್ತದೆ.

ಇದು ಹೊಸ ಪ್ರಶ್ನೆಯಲ್ಲ

ನಮ್ಮ ಶಿವಮೊಗ್ಗ ಜಿಲ್ಲೆಯವರಿಗೆ ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಅಲ್ಲಮಪ್ರಭುಗಳ ಊರು. ಪ್ರಭುದೇವರೆಂದರೆ ಹುಟ್ಟಿನಿಂದಲೇ ವಿರಾಗಿಗಳು ಎಂದು ನಮ್ಮಲ್ಲಿ ಹಲವರು ಕೇಳಿ ಬೆಳೆದಿದ್ದೇವೆ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಹಾಗೆಯೇ ಇದೆ. ಅದಕ್ಕಿಂತ ಹಿಂದಿನ ಹರಿಹರ ಕವಿ ತನ್ನ ರಗಳೆಯಲ್ಲಿ ಹೇಳುವ ಕಥೆ ಬೇರೆ. ಅಲ್ಲಿ ಅಲ್ಲಮರು ಮದ್ದಳೆ ಬಾರಿಸುವ ತರುಣ. ಕಮಲತೆ ಎಂಬುವಳನ್ನು ಪ್ರೀತಿಸಿ ಕೈಹಿಡಿಯುತ್ತಾರೆ. ಕೆಲಕಾಲದಲ್ಲೇ ಅವಳಿಗೆ ಜ್ವರ ಬರುತ್ತದೆ, ತೀರಿಕೊಳ್ಳುತ್ತಾಳೆ. ಗಂಡ ಹುಚ್ಚನಂತೆ ಅವಳ ಹೆಸರು ಕರೆಯುತ್ತ ಅಲೆಯುತ್ತಾನೆ.

ಒಂದು ಜ್ವರ. ಇಂದಾಗಿದ್ದರೆ ರಕ್ತ ಪರೀಕ್ಷೆ ಮಾಡಿ, ಡ್ರಿಪ್ ಹಾಕಿ, ಏನಾದರೂ ಮಾಡಬಹುದಿತ್ತೇನೋ ಎಂದು ನರ್ಸ್ ಆದ ನನ್ನ ಮನಸ್ಸು ಯೋಚಿಸುತ್ತದೆ, ಇರಲಿ. ಆಮೇಲೆ ಒಂದು ದಿನ ತೋಪಿನಲ್ಲಿ ಸುಮ್ಮನೆ ಕುಳಿತು ಕಾಲುಬೆರಳಿನಿಂದ ನೆಲ ಕೆದಕುತ್ತಿದ್ದಾಗ ಹೂತುಹೋದ ಗುಡಿಯ ಕಳಸ ಕಣ್ಣಿಗೆ ಬೀಳುತ್ತದೆ. ಅಗೆಸಿ ಒಳಗೆ ಹೋದರೆ ಅಲ್ಲಿ ಅನಿಮಿಷಯ್ಯ ಎಂಬ ಯೋಗಿ. ಅವರ ಕೈಯ ಲಿಂಗ ಅಲ್ಲಮರ ಕೈಗೆ ಬರುತ್ತದೆ. ಮುಂದೆ ಅನುಭವ ಮಂಟಪದ ಶೂನ್ಯಪೀಠದಲ್ಲಿ ಕೂತವರು ಇವರೇ.

ಈ ಕಥೆ ಹೇಳಿದರೆ ಕೆಲವರು ತಕ್ಷಣ “ನೋಡಿ, ದುಃಖ ಬಂದರೆ ದೇವರು ಸಿಗುತ್ತಾನೆ” ಎನ್ನುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಎಲ್ಲರಿಗೂ ಕಳಸ ಸಿಗುವುದಿಲ್ಲ. ನಾನು ಗಮನಿಸುವುದು ಅದಕ್ಕೂ ಹಿಂದಿನ ಭಾಗವನ್ನು. ಆ ತೋಪಿನಲ್ಲಿ ಅವರು ಕುಳಿತದ್ದು ಜಪಕ್ಕಲ್ಲ. ಹೆಂಡತಿಯನ್ನು ಕಳೆದುಕೊಂಡ ಮನುಷ್ಯ ನೆಲ ಕೆದಕುತ್ತ ಕುಳಿತಿದ್ದ, ಅಷ್ಟೆ. ಅವರಂಥವರಿಗೇ ಅಂಥ ದಿನಗಳಿದ್ದವು ಎಂದು ಹರಿಹರ ಬರೆದ. ಅದನ್ನು ಮುಚ್ಚಿಡಬೇಕೆಂದು ಅವನಿಗೆ ಅನಿಸಲಿಲ್ಲ.

ಹತ್ತಿರದ ಕಾಲದ ಇನ್ನೊಂದು ಉದಾಹರಣೆ ಮದರ್ ತೆರೇಸಾ ಅವರದು. ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಜಗತ್ತಿಗೆ ಆಶ್ಚರ್ಯವಾಯಿತು. ಕಲ್ಕತ್ತೆಯ ಬೀದಿಗಳಲ್ಲಿ ಸಾಯುವವರ ಗಾಯ ತೊಳೆದ ಆ ತಾಯಿಗೆ ದಶಕಗಳ ಕಾಲ ದೇವರು ಹತ್ತಿರವಿದ್ದಾನೆ ಎಂದೇ ಅನಿಸಿರಲಿಲ್ಲ. ಒಳಗೆಲ್ಲ ಕತ್ತಲೆ ಎಂದು ಬರೆದಿದ್ದಾರೆ. ಗಾಯ ತೊಳೆಯುವುದನ್ನು ಮಾತ್ರ ಬಿಡಲಿಲ್ಲ.

‘ನನ್ನ ಪಾಪದ ಫಲ’ ಎಂಬ ಭಾರ

ದೇವರ ಮೇಲೆ ಸಿಟ್ಟು ಬಂದವರಿಗಿಂತ ನಮಗೆ ಹೆಚ್ಚು ಚಿಂತೆಯಾಗುವುದು ‘ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ’ ಎಂದು ನಂಬಿ ಮೌನವಾಗುವವರ ಬಗ್ಗೆ. ಮುಟ್ಟಾದಾಗ ದೇವರ ಮನೆಗೆ ಹೋಗಿದ್ದೆ, ಅದಕ್ಕೇ ಮಗುವಿಗೆ ಹೃದಯದಲ್ಲಿ ರಂಧ್ರ ಎಂದು ಒಬ್ಬ ತಾಯಿ ಅಳುತ್ತಾಳೆ. ಹರಕೆ ತೀರಿಸಲಿಲ್ಲ, ಅದಕ್ಕೇ ಕಿಡ್ನಿ ಹೋಯಿತು ಎನ್ನುತ್ತಾರೆ ಯಜಮಾನರು. ನೋಡಲು ಬಂದ ನೆಂಟರು “ಹೋದ ಜನ್ಮದ ಕರ್ಮ, ಅನುಭವಿಸಿಯೇ ತೀರಬೇಕು” ಎಂದು ಸಮಾಧಾನ ಹೇಳಿ ಬಾಳೆಹಣ್ಣು ಇಟ್ಟು ಹೋಗುತ್ತಾರೆ. ಅವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಆದರೆ ಆ ರಾತ್ರಿ ರೋಗಿಗೆ ನಿದ್ದೆ ಬರುವುದಿಲ್ಲ.

ಆ ತಾಯಂದಿರಿಗೆ ಎರಡು ಮಾತು. ಮಗುವಿನ ಹೃದಯ ರೂಪುಗೊಳ್ಳುವುದು ಗರ್ಭದ ಮೊದಲ ಎರಡು ತಿಂಗಳಲ್ಲಿ. ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂದು ಖಚಿತವಾಗುವ ಹೊತ್ತಿಗೆ ಆ ಕೆಲಸ ಬಹುಪಾಲು ಆಗಿಹೋಗಿರುತ್ತದೆ. ಅದಕ್ಕೂ ದೇವರ ಮನೆಗೂ ಸಂಬಂಧವಿಲ್ಲ. ಎರಡನೆಯದು, ಶರಣರು ಎಂಟುನೂರು ವರ್ಷಗಳಿಗೂ ಹಿಂದೆ ಜನನ, ಮರಣ, ಮುಟ್ಟು, ಎಂಜಲು, ಜಾತಿ ಈ ಐದು ಸೂತಕಗಳನ್ನೂ ಇಲ್ಲವೆಂದರು. ಅವರು ಇಲ್ಲವೆಂದದ್ದನ್ನು ನೀವು ಆಸ್ಪತ್ರೆಯ ಮಂಚದ ಮೇಲೆ ಹೊತ್ತುಕೊಂಡಿರಬೇಕಾಗಿಲ್ಲ.

ಕಾಯಿಲೆ ಪಾಪ ಪುಣ್ಯದ ಲೆಕ್ಕ ನೋಡಿ ಬರುವುದಿಲ್ಲ ಎಂಬುದಕ್ಕೆ ಮಲೆನಾಡಿನವರಾದ ನಮಗೆ ಮಂಗನ ಕಾಯಿಲೆಗಿಂತ ಬೇರೆ ಸಾಕ್ಷಿ ಬೇಡ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಹಳ್ಳಿಯವರು ಜ್ವರದಿಂದ ಮಲಗಿದರು. ಮಂಗ ಎಂದರೆ ನಮ್ಮವರಿಗೆ ಹನುಮಂತ. ಮಂಗವೇ ಸತ್ತು ಬಿದ್ದರೆ ಜನ ಏನು ತಿಳಿಯಬೇಕು? ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಸಿಕ್ಕದ್ದು ಒಂದು ವೈರಸ್. ಅದನ್ನು ಮಂಗಕ್ಕೂ ಮನುಷ್ಯನಿಗೂ ತರುವುದು ಕಾಡಿನ ಉಣುಗು. ತರಗೆಲೆ, ಸೌದೆ ತರಲು, ದನ ಮೇಯಿಸಲು ಕಾಡಿಗೆ ಹೋದವರನ್ನು ಅದು ಕಚ್ಚುತ್ತದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರು ಇದೇ ಕಾಯಿಲೆಯಿಂದ ತೀರಿಕೊಂಡರು. ಉಣುಗಿಗೆ ಯಾರು ಭಕ್ತರು, ಯಾರು ಕಳ್ಳರು ಎಂದು ತಿಳಿಯುತ್ತದೆಯೇ? ಕಾಡಿಗೆ ಹೋಗದೆ ಒಲೆ ಹೊತ್ತದ ಮನೆಯವರನ್ನೇ ಅದು ಹೆಚ್ಚು ಕಚ್ಚಿತು. (ಡಿಸೆಂಬರಿನಿಂದ ಮಳೆಗಾಲದವರೆಗೆ ಕಾಡಿಗೆ ಹೋಗುವವರು ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಳ್ಳಿ, ಮೈತುಂಬ ಬಟ್ಟೆ ತೊಡಿ, ಬಂದ ಮೇಲೆ ಬಿಸಿನೀರು ಸೋಪಿನಿಂದ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯಿರಿ. ಜ್ವರ, ವಿಪರೀತ ತಲೆನೋವು ಬಂದರೆ ಕಾಯಬೇಡಿ.)

“ಹಾಗಾದರೆ ಉಣುಗನ್ನು ಹುಟ್ಟಿಸಿದವರು ಯಾರು ಸಿಸ್ಟರ್?” ಎಂದು ಒಬ್ಬರು ನನ್ನನ್ನು ಕೇಳಿದ್ದಾರೆ. ಸರಿಯಾದ ಪ್ರಶ್ನೆ. ದೇವರು ಒಳ್ಳೆಯವನೂ ಸರ್ವಶಕ್ತನೂ ಆಗಿದ್ದರೆ ಈ ನೋವು ಯಾಕೆ ಎಂದು ದೊಡ್ಡ ದೊಡ್ಡವರು ಸಾವಿರಾರು ವರ್ಷ ಕೇಳಿದ್ದಾರೆ, ಎಲ್ಲರೂ ಒಪ್ಪುವ ಉತ್ತರ ಬಂದಿಲ್ಲ. ನರ್ಸಿಂಗ್ ಡಿಪ್ಲೊಮಾದಲ್ಲಿ ಅದನ್ನು ಕಲಿಸುವುದೂ ಇಲ್ಲ. ಆದರೆ ನನಗೆ ಗೊತ್ತಿರುವ ಒಂದು ಸಂಗತಿ ಇದೆ: ಉತ್ತರ ಸಿಗದಿರುವುದು ಒಂದು, ‘ನಾನೇ ಅಪರಾಧಿ’ ಎಂದುಕೊಳ್ಳುವುದು ಇನ್ನೊಂದು. ಮೊದಲನೆಯದರ ಜೊತೆ ಬದುಕಬಹುದು. ಎರಡನೆಯದು ಒಳಗೊಳಗೇ ತಿನ್ನುತ್ತದೆ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದಲ್ಲಿ 55 ವರ್ಷ ಮೇಲ್ಪಟ್ಟ ಸುಮಾರು 600 ಒಳರೋಗಿಗಳನ್ನು ಎರಡು ವರ್ಷ ಗಮನಿಸಿದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ‘ದೇವರು ನನ್ನನ್ನು ಕೈಬಿಟ್ಟ, ಅವನಿಗೆ ನನ್ನ ಮೇಲೆ ಪ್ರೀತಿ ಇಲ್ಲ’ ಎಂಬ ತೊಳಲಾಟದಲ್ಲಿದ್ದವರಲ್ಲಿ ಸಾವು ಸ್ವಲ್ಪ ಹೆಚ್ಚು ಕಂಡುಬಂತು. ಹೆದರಬೇಡಿ. ತೊಳಲಾಟದಿಂದಲೇ ಸತ್ತರು ಎಂದು ಇದರ ಅರ್ಥವಲ್ಲ, ನಿಮಗೂ ಹಾಗಾಗುತ್ತದೆ ಎಂದಂತೂ ಅಲ್ಲ. ರೋಗಿಯ ಬಿ.ಪಿ. ನೋಡುವ ಹಾಗೆ ಈ ಸಂಕಟವನ್ನೂ ಆಸ್ಪತ್ರೆಯವರು ಕೇಳಿ ತಿಳಿಯಬೇಕು ಎಂಬುದಕ್ಕೆ ಇದನ್ನು ಹೇಳಿದೆ.

ಜೊತೆಗಿರುವವರಿಗೆ

ಗಂಡ, ಮಗ, ಸೊಸೆ, ತಾಯಿ, ಯಾರೇ ಆಗಿರಲಿ, ರೋಗಿಯ ಬಾಯಿಂದ ‘ದೇವರಿಲ್ಲ’ ಎಂಬ ಮಾತು ಬಂದಾಗ ನೀವು ರೋಗಿಗಿಂತ ಹೆಚ್ಚು ಗಾಬರಿಯಾಗುತ್ತೀರಿ. “ಬಿಡ್ತು ಅನ್ನು, ಬಿಡ್ತು ಅನ್ನು” ಎನ್ನುತ್ತೀರಿ. ಒಬ್ಬ ಹುಡುಗ ಸಿಟ್ಟಿನಲ್ಲಿ ಕೊರಳಿನ ಇಷ್ಟಲಿಂಗ ತೆಗೆದು ದಿಂಬಿನ ಕೆಳಗಿಟ್ಟಾಗ ಅವನ ಅಜ್ಜಿ ಊಟ ಬಿಟ್ಟರು. ಆಗ ನಾವು ಎರಡು ರೋಗಿಗಳನ್ನು ನೋಡಿಕೊಳ್ಳಬೇಕಾಯಿತು.

ಸಕ್ರೆಬೈಲಿನ ಆನೆ ಬಿಡಾರದಲ್ಲಿ ದುಡಿದ ಹಿರಿಯರೊಬ್ಬರು ತಮ್ಮ ಮಗಳ ಮಂಚದ ಪಕ್ಕ ಹಲವು ದಿನ ಇದ್ದರು. ಮಗಳು ಯಾರೊಂದಿಗೂ ಮಾತಿಲ್ಲ, ಪ್ರಸಾದ ಕೊಟ್ಟರೆ ಮುಖ ತಿರುಗಿಸುತ್ತಿದ್ದಳು. ಪಕ್ಕದ ಮಂಚದವರು ಆಕೆಗೆ ಬುದ್ಧಿ ಹೇಳಲು ಹೊರಟಾಗ ಇವರು ತಡೆದರು. “ಆನೆ ಮೇವು ಬಿಟ್ಟರೆ ನಾವು ಬೈಯಲ್ಲ ತಾಯಿ, ಎಲ್ಲಿ ನೋವಾಗಿದೆ ಅಂತ ಹುಡುಕ್ತೀವಿ” ಎಂದರು. ತುಂಗೆಯ ದಡದಲ್ಲಿ ವರ್ಷಗಟ್ಟಲೆ ಆನೆಗಳ ಮೈ ಉಜ್ಜಿ ಕಲಿತ ಮಾತು. ನಾವು ತರಬೇತಿಗೆ ಬರುವ ಹುಡುಗಿಯರಿಗೆ ಈಗ ಇದನ್ನೇ ಹೇಳಿಕೊಡುತ್ತೇವೆ.

ಆದ್ದರಿಂದ ವಾದ ಬೇಡ. ದೇವರಿದ್ದಾನೆ ಎಂದು ಸಾಧಿಸಲು ಹೋಗಬೇಡಿ, ಇಲ್ಲ ಎಂದು ಹೂಂಗುಟ್ಟಲೂ ಬೇಕಾಗಿಲ್ಲ. “ತುಂಬಾ ನೋವಾಗಿದೆ ಅಲ್ವಾ?” ಎಂದು ಕೇಳಿ ಸುಮ್ಮನೆ ಕೂತರೆ ಸಾಕು. ಕೆಲವೊಮ್ಮೆ ಆ ಸಿಟ್ಟಿನ ಹಿಂದೆ ಸರಿಯಾಗಿ ಹಿಡಿತಕ್ಕೆ ಬಾರದ ಮೈನೋವೇ ಇರುತ್ತದೆ. ಅದನ್ನು ನಮಗೆ ತಿಳಿಸಿದರೆ ಔಷಧಿ ಬದಲಿಸಬಹುದು. ರೋಗಿ ಬೇಡವೆಂದರೆ ವಿಭೂತಿ, ತಾಯತ, ಅಂಗಾರ ಒತ್ತಾಯ ಮಾಡಬೇಡಿ. ನೀವು ನಿಮ್ಮ ಪಾಲಿನ ಪ್ರಾರ್ಥನೆ ಮಾಡಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಇಷ್ಟಲಿಂಗವನ್ನು ರೋಗಿ ಧರಿಸದಿದ್ದರೆ ಮಡಿ ಬಟ್ಟೆಯಲ್ಲಿ ಸುತ್ತಿ ಮನೆಯವರು ಇಟ್ಟುಕೊಳ್ಳಿ. ಎಂ.ಆರ್.ಐ. ಮಾಡಿಸುವಾಗ ಬೆಳ್ಳಿಯ ಕರಡಿಗೆಯನ್ನು ನಾವೇ ತೆಗೆಸುತ್ತೇವಲ್ಲ, ಅದಕ್ಕೆ ಯಾರೂ ಅಳುವುದಿಲ್ಲ.

ಮಾತ್ರೆ ಬಿಡಬೇಡಿ

ನಂಬಿಕೆ ಹೋದಾಗ ಅದರ ಜೊತೆ ‘ಇನ್ನು ಏನಾದರೇನು’ ಎಂಬ ಬೇಸರ ಬರುತ್ತದೆ. ಡಯಾಲಿಸಿಸ್ ತಪ್ಪಿಸುವುದು, ಸಕ್ಕರೆ ಕಾಯಿಲೆಯ ಮಾತ್ರೆ ಬಿಡುವುದು, ಊಟ ತಳ್ಳುವುದು ಆಗುತ್ತದೆ. ಇದರ ಎದುರು ದಿಕ್ಕೂ ಇದೆ. ಹೋದ ನಂಬಿಕೆಯನ್ನು ಹಿಂದಕ್ಕೆ ತರಲೆಂದು ಇನ್ಸುಲಿನ್ ತೆಗೆದುಕೊಂಡು ಸೋಮವಾರ ಉಪವಾಸ ಮಾಡಿ ಸಕ್ಕರೆ ಇಳಿದು ಬೆವರಿ ಬೀಳುವವರನ್ನೂ ನೋಡಿದ್ದೇವೆ. ಎರಡೂ ಬೇಡ. ದೇವರ ವಿಚಾರ ಇತ್ಯರ್ಥವಾಗಲು ವರ್ಷಗಳು ಬೇಕಾಗಬಹುದು, ಅಲ್ಲಿಯವರೆಗೆ ಮಾತ್ರೆ ಹೊತ್ತಿಗೆ ಸರಿಯಾಗಿ ಹೋಗಲಿ. ನಂಬಿಕೆ ಮರಳಿ ಬಂದವರೂ, ಬಾರದೇ ಇದ್ದವರೂ ನಮ್ಮಲ್ಲಿ ಗುಣವಾಗಿ ಮನೆಗೆ ಹೋಗಿದ್ದಾರೆ. ಗಟ್ಟಿ ನಂಬಿಕೆಯವರು ತೀರಿಕೊಂಡದ್ದೂ ಇದೆ.

ನಿಮ್ಮ ನೋವು ಕಾಯಿಲೆಯಿಂದಲ್ಲದೆ ಮನುಷ್ಯರಿಂದಲೇ ಬಂದಿದ್ದರೆ, ಮನೆಯಲ್ಲಿ ಹೊಡೆತ ಬಡಿತವಾಗಿದ್ದರೆ, ಅದನ್ನು ವಿಧಿ ಎಂದು ನುಂಗಿಕೊಳ್ಳಬೇಡಿ. ಮಾಡಿದವರು ಮನುಷ್ಯರು, ಅದಕ್ಕೆ ಕಾನೂನಿದೆ. ಮಹಿಳೆಯರು 181ಕ್ಕೆ ಕರೆ ಮಾಡಬಹುದು. ನಮ್ಮಲ್ಲಿ ಯಾರಿಗಾದರೂ ಒಬ್ಬರೇ ಸಿಕ್ಕಾಗ ಹೇಳಿದರೂ ಸಾಕು.

ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಮೊಮ್ಮಗು ಬಂದರೂ ಕಣ್ಣೆತ್ತಿ ನೋಡುವುದಿಲ್ಲ, ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು ಮತ್ತೆ ಮತ್ತೆ ಬರುತ್ತಿದೆ ಎಂದಾದರೆ ಅದು ದೇವರ ಪ್ರಶ್ನೆ ಮಾತ್ರವಲ್ಲ. ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಸಾಯುವ ಮಾತು ಬಂದರಂತೂ ಎರಡು ವಾರ ಕಾಯಬೇಡಿ, ರೋಗಿಯನ್ನು ಒಂಟಿಯಾಗಿ ಬಿಡಬೇಡಿ, ಆ ಕ್ಷಣವೇ ಪಾಳಿಯಲ್ಲಿರುವ ಸಿಸ್ಟರಿಗೆ ತಿಳಿಸಿ. ಮನೆಗೆ ಹೋದ ಮೇಲಾದರೆ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416. 2022ರಲ್ಲಿ ಆರಂಭವಾದ ಈ ಸೇವೆಗೆ ಹಣ ಕೊಡಬೇಕಾಗಿಲ್ಲ, ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡಬಹುದು. ಸಂಖ್ಯೆಯನ್ನು ಡಿಸ್ಚಾರ್ಜ್ ಚೀಟಿಯ ಹಿಂಬದಿಯಲ್ಲಿ ಈಗಲೇ ಬರೆದುಕೊಳ್ಳಿ, ಪೆನ್ನು ಇಲ್ಲದಿದ್ದರೆ ನಮ್ಮ ಮೇಜಿನ ಮೇಲಿದೆ.