ಚೌಕ ಮತ್ತು ಪ್ರಶ್ನೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಓದುವ ಅನೇಕ ಪಠ್ಯಪುಸ್ತಕಗಳಲ್ಲಿ ಕಪ್ಪು-ಬಿಳುಪಿನ ಪುಟ್ಟ ಚೌಕವೊಂದು ಅಚ್ಚಾಗಿದೆ. ಸ್ಮಾರ್ಟ್‌ಫೋನಿನಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ, 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ದೀಕ್ಷಾ' ವೇದಿಕೆಯ ಪಾಠ ತೆರೆದುಕೊಳ್ಳುತ್ತದೆ. ಪಾಠ ತೆರೆದ ಮಾತ್ರಕ್ಕೆ ಮನಸ್ಸು ತೆರೆದೀತೇ?

2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ದೂರದರ್ಶನದ ಚಂದನ ವಾಹಿನಿ ಪಾಠಗಳನ್ನು ಪ್ರಸಾರ ಮಾಡಿತು. ಆದರೂ ಆ ಆಗಸ್ಟ್‌ನಲ್ಲಿ 'ವಿದ್ಯಾಗಮ' ಯೋಜನೆಯಡಿ ಶಿಕ್ಷಕರು ಮಕ್ಕಳಿದ್ದ ಊರುಕೇರಿಗಳಿಗೇ ಹೋಗಬೇಕಾಯಿತು. ಸ್ಮಾರ್ಟ್‌ಫೋನ್ ಉಳ್ಳವರು, ಸಾಮಾನ್ಯ ಫೋನ್ ಉಳ್ಳವರು, ಏನೂ ಇಲ್ಲದವರು ಎಂದು ಮಕ್ಕಳನ್ನು ಮೂರಾಗಿ ಗುರುತಿಸಬೇಕಾಯಿತು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದನ್ನೂ ತಾತ್ಕಾಲಿಕವಾಗಿ ನಿಲ್ಲಿಸಲಾಯಿತು.

ಪ್ಲೇಟೋನ 'ಮೆನೋ' ಸಂವಾದದಲ್ಲಿಯೂ ಒಂದು ಚೌಕವಿದೆ. ರೇಖಾಗಣಿತವನ್ನೇ ಕಲಿಯದ ದಾಸ ಬಾಲಕನಿಗೆ ಸಾಕ್ರಟೀಸನು ಅದನ್ನು ಬರೆದು ತೋರಿಸಿ, ಅದರ ಇಮ್ಮಡಿ ವಿಸ್ತೀರ್ಣದ ಚೌಕ ಯಾವುದೆಂದು ಕೇಳುತ್ತಾನೆ. ಬಾಲಕನು ಎರಡು ಬಾರಿ ತಪ್ಪುತ್ತಾನೆ. ಪ್ರಶ್ನೆಗಳ ಕೈಹಿಡಿದು ಕೊನೆಗೆ ಉತ್ತರವನ್ನು ತಾನೇ ಕಾಣುತ್ತಾನೆ. ಅಲ್ಲಿ ಉಪಕರಣವಿದ್ದುದು ನೆಲದ ಮೇಲಿನ ಗೆರೆ ಮಾತ್ರ.

ಆದ್ದರಿಂದ ಶಿಕ್ಷಕರು ದೃಶ್ಯಪಾಠವನ್ನು ನಡುನಡುವೆ ನಿಲ್ಲಿಸಲಿ, 'ಮುಂದೇನಾದೀತು? ಏಕೆ?' ಎಂದು ಕೇಳಲಿ. ತಪ್ಪು ಉತ್ತರಕ್ಕೂ ಕಾಯಲಿ. ಮೊದಲ ಪ್ರಶ್ನೆ ಮನೆಯಲ್ಲಿ ಫೋನಿಲ್ಲದ ಮಗುವಿಗೇ ಸಲ್ಲಲಿ.